ಅಪ್ಪ ಒಂದು ರಾಜ್ಯ, ಅಮ್ಮ ಇನ್ನೊಂದು ರಾಜ್ಯ: ಮಗುವಿನ ಭೇಟಿ ಏರ್ಪಾಡು ಬದಲಿಸಲು ಯಾವ ದಾರಿ ಹಿಡಿಯಬೇಕು?

ಗಂಡ ಹೆಂಡತಿ ಬೇರೆಯಾದಾಗ ಇಬ್ಬರೂ ಒಂದೇ ಊರಲ್ಲಿದ್ದರು. ‘ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದು’ ಅಂತ ಕೋರ್ಟು ಬರೆದುಕೊಟ್ಟಿತು. ಆಮೇಲೆ ಅಮ್ಮ ಮಗುವನ್ನು ಕರೆದುಕೊಂಡು ವಿರಾಜಪೇಟೆ ಕಡೆಯ ತವರಿಗೆ ಬಂದಳು. ಅಪ್ಪ ಕೊಚ್ಚಿಯಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲೇ ಉಳಿದ. ಇದರ ಉಲ್ಟಾ ಕೂಡ ಆಗುತ್ತದೆ. ಅಪ್ಪ ಸೋಮವಾರಪೇಟೆಯ ತೋಟದಲ್ಲಿ, ಅಮ್ಮ ಮತ್ತು ಮಗು ಪುಣೆಯಲ್ಲಿ. ಕಾಗದದ ಮೇಲಿನ ಶನಿವಾರ ಹಾಗೇ ಇದೆ. ಮಗು ಮಾತ್ರ ಅಪ್ಪನನ್ನು ನೋಡಿ ತಿಂಗಳುಗಳಾಗಿವೆ.

ಕೊಡಗಿಗೆ ಇದು ಹೊಸದೇನಲ್ಲ. ಪಕ್ಕದಲ್ಲೇ ಕೇರಳ. ಕಣ್ಣೂರು, ವಯನಾಡಿನಲ್ಲಿ ನೆಂಟರಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಓದಿದವರು ಕೆಲಸಕ್ಕೆ ಹೊರಗೆ ಹೋಗುತ್ತಾರೆ. ಸೇನೆಯಲ್ಲಿರುವವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ. ಸಂಸಾರ ಮುರಿದಾಗ ಯಾರಾದರೊಬ್ಬರು ರಾಜ್ಯದ ಗಡಿಯ ಆಚೆಗಿರುವುದು ಸಹಜ.

ಹೀಗಾದಾಗ ಹೆಚ್ಚಿನವರು ಮೊದಲು ಕೇಳುವುದು ‘ಯಾವ ಕೋರ್ಟಿಗೆ ಹೋಗಬೇಕು?’ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಈ ದೂರಕ್ಕೆ ಹೊಂದುವ ಭೇಟಿ ಹೇಗಿರಬೇಕು ಅನ್ನುವುದು ಮೊದಲನೆಯದು. ‘ದೂರ ಜಾಸ್ತಿಯಾಯಿತು, ಭೇಟಿ ಕಡಿಮೆ ಮಾಡಿ’ ಅಂದರೆ ಎದುರು ಕಡೆಯವರು ಜಗಳಕ್ಕೆ ನಿಲ್ಲುತ್ತಾರೆ. ‘ದೂರ ಜಾಸ್ತಿಯಾಯಿತು, ಇನ್ನು ಹೀಗೆ ಮಾಡೋಣ’ ಅಂತ ದಿನಾಂಕ ಸಮೇತ ಮುಂದಿಟ್ಟರೆ ಅವರೂ ಕೇಳುತ್ತಾರೆ, ನ್ಯಾಯಾಧೀಶರೂ ಕೇಳುತ್ತಾರೆ.

ಮೊದಲು ಭೇಟಿಯ ಸ್ವರೂಪ

ರಾಜ್ಯ ಬೇರೆ ಅಂದ ಮಾತ್ರಕ್ಕೆ ದೂರ ಅಂತಲ್ಲ. ಕುಟ್ಟದಲ್ಲಿರುವವರಿಗೆ ಮಡಿಕೇರಿಗಿಂತ ಮಾನಂದವಾಡಿ ಹತ್ತಿರ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಅಲ್ಲಿಂದ ಕಣ್ಣೂರು. ಹೋಗಿಬರುವ ದಾರಿ ಮೂರು ಗಂಟೆಯೊಳಗೆ ಮುಗಿಯುವುದಾದರೆ ಹಳೆಯ ವಾರಾಂತ್ಯದ ಏರ್ಪಾಡನ್ನೇ ಉಳಿಸಿಕೊಳ್ಳಬಹುದು. ಸಮಯ ಮತ್ತು ಮಗುವನ್ನು ಒಪ್ಪಿಸುವ ಜಾಗ ಬದಲಿಸಿದರೆ ಸಾಕು. ಮಗುವಿಗೂ ಅದೇ ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ಸಿಗುವ ಅಪ್ಪನೋ ಅಮ್ಮನೋ ಅದರ ಹೋಂವರ್ಕು, ಜ್ವರ, ಗೆಳೆಯರ ಜಗಳ ಎಲ್ಲದರ ಒಳಗೂ ಇರುತ್ತಾರೆ.

ಆದರೆ ನಮ್ಮ ಮಳೆ. 2018ರ ಜೂನ್‌ನಲ್ಲಿ ಮಾಕುಟ್ಟ ರಸ್ತೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಅದೇ ವರ್ಷ ಆಗಸ್ಟ್‌ನ ಮಳೆ, ಭೂಕುಸಿತದಲ್ಲಿ ಇಡೀ ಜಿಲ್ಲೆ ಏನು ಅನುಭವಿಸಿತು ಅಂತ ಎಲ್ಲರಿಗೂ ಗೊತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಗೆ ಇದ್ದಕ್ಕಿದ್ದ ಹಾಗೆ ಮಳೆ ರಜೆ ಬರುತ್ತದೆ. ಅದನ್ನು ಸರಿದೂಗಿಸಲು ಶನಿವಾರ ಪೂರ್ತಿ ಪಾಠ ಮಾಡುವುದೂ ಉಂಟು. ಎಚ್.ಡಿ. ಕೋಟೆ ಕಡೆಯಿಂದ ಮಾನಂದವಾಡಿಗೆ ಹೋಗುವ ಬಾವಲಿ ದಾರಿ ಸಂಜೆ ಆರಕ್ಕೆ ಮುಚ್ಚುತ್ತದೆ. ಆದ್ದರಿಂದ ವಾರಾಂತ್ಯದ ಏರ್ಪಾಡು ಆರಿಸುವವರು ಒಂದು ಮಳೆಗಾಲದ ಷರತ್ತು ಬರೆಸಲೇಬೇಕು. ರಸ್ತೆ ಮುಚ್ಚಿದರೆ ಅಥವಾ ಜಿಲ್ಲಾಡಳಿತ ರಜೆ ಕೊಟ್ಟರೆ ಆ ಭೇಟಿ ಮುಂದಿನ ಯಾವ ವಾರಕ್ಕೆ ಹೋಗುತ್ತದೆ ಅಂತ. ಈ ಒಂದು ಸಾಲು ಇಲ್ಲದಿದ್ದರೆ ಪ್ರತಿ ಮಳೆಗಾಲವೂ ‘ನೀನು ಬೇಕಂತಲೇ ಕಳಿಸಲಿಲ್ಲ’ ಅನ್ನುವ ಜಗಳ.

ದಾರಿ ಆರೇಳು ಗಂಟೆಗಿಂತ ಜಾಸ್ತಿಯಾದರೆ ವಾರಾಂತ್ಯದ ಭೇಟಿಯನ್ನು ಬಿಡುವುದೇ ವಾಸಿ. ಶುಕ್ರವಾರ ರಾತ್ರಿ ಬಸ್ಸು, ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಶಾಲೆಯಲ್ಲಿ ತೂಕಡಿಕೆ. ಎಂಟು ವರ್ಷದ ಮಗುವಿಗೆ ಇದನ್ನು ತಿಂಗಳಿಗೆ ಎರಡು ಸಲ ಮಾಡಿಸಬೇಡಿ. ಇಲ್ಲಿ ರಜೆಯ ಭೇಟಿ ಹೊಂದುತ್ತದೆ. ಸಲ ಕಡಿಮೆ, ದಿನ ಜಾಸ್ತಿ.

ರಜೆ ಹಂಚುವಾಗ ಲೆಕ್ಕಕ್ಕೆ ಬರುವುದು ಮಗುವಿನ ಶಾಲೆಯ ಕ್ಯಾಲೆಂಡರ್. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ಆಮೇಲೆ ದಸರಾ ರಜೆ. ಕೇರಳದಲ್ಲಿ ಏಪ್ರಿಲ್, ಮೇ ಎರಡೂ ತಿಂಗಳು ರಜೆ, ಜೊತೆಗೆ ಓಣಂ ಮತ್ತು ಕ್ರಿಸ್‌ಮಸ್‌ಗೆ ಸುಮಾರು ಹತ್ತು ಹತ್ತು ದಿನ. ಸಿಬಿಎಸ್‌ಇ ಶಾಲೆಗಳದ್ದು ಬೇರೆಯೇ ಲೆಕ್ಕ. ಅಪ್ಪ ಕೇರಳದಲ್ಲಿದ್ದು ಮಗು ಗೋಣಿಕೊಪ್ಪದಲ್ಲಿ ಓದುತ್ತಿದ್ದರೆ ‘ಓಣಂ ರಜೆಯಲ್ಲಿ ಹತ್ತು ದಿನ’ ಅಂತ ಬರೆಸಿ ಪ್ರಯೋಜನವಿಲ್ಲ. ಮಗುವಿಗೆ ಆಗ ಶಾಲೆ ಇರುತ್ತದೆ. ದಸರಾ ರಜೆ ಅಪ್ಪನಿಗೆ, ಬೇಸಿಗೆ ರಜೆಯಲ್ಲಿ ಅರ್ಧರ್ಧ ಅಂತ ಬರೆಸಿದರೆ ನಡೆಯುತ್ತದೆ.

ಹಬ್ಬಗಳನ್ನು ಮರೆಯಬೇಡಿ. ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ. ಕಾವೇರಿ ಸಂಕ್ರಮಣ ಅಕ್ಟೋಬರ್ 17ರ ಆಸುಪಾಸಿಗೆ. ಆದರೆ ಸುಗ್ಗಿಯ ಹಬ್ಬ ಹುತ್ತರಿ ಯಾವತ್ತು ಅಂತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾದ ಮೇಲೆಯೇ ಗೊತ್ತಾಗುವುದು. ಹಾಗಾಗಿ ದಿನಾಂಕ ಬರೆಯದೆ ‘ಹುತ್ತರಿಯ ದಿನ ಮತ್ತು ಮರುದಿನ’ ಅಂತಲೇ ಬರೆಸಿ. ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಒಕ್ಕದವರೆಲ್ಲ (ಮನೆತನದವರೆಲ್ಲ) ಸೇರಿ ಹೊಸ ಭತ್ತದ ಕದಿರು ತರುವಾಗ ಮಗು ಅಲ್ಲಿರಬೇಕು ಅನ್ನುವುದು ಸಣ್ಣ ಆಸೆಯಲ್ಲ. ಕೋರ್ಟಿನಲ್ಲಿ ಅದನ್ನು ಕೇಳಲು ಸಂಕೋಚ ಬೇಡ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಬೇಸಿಗೆಯಲ್ಲಿ ನಡೆಯುವುದರಿಂದ, ಕೊಡಗಿನ ಕಡೆಯವರು ರಜೆಯ ಯಾವ ಅರ್ಧ ತಮಗೆ ಬೇಕು ಅಂತ ಯೋಚಿಸಿ ಕೇಳುವುದು ಒಳ್ಳೆಯದು. ತೋಟದವರು ಇನ್ನೊಂದು ನೋಡಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯಿಲು. ಆಗ ಮಗುವನ್ನು ಕರೆಸಿಕೊಂಡು ಕಣದಲ್ಲೇ ಇಡೀ ದಿನ ಕಳೆದರೆ ಅದು ಭೇಟಿ ಆಗುವುದಿಲ್ಲ.

ಐದು ವರ್ಷದೊಳಗಿನ ಮಗುವಿಗೆ ಈ ದೀರ್ಘ ರಜೆ ಭೇಟಿ ಹೊಂದುವುದಿಲ್ಲ. ಆ ವಯಸ್ಸಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಅಂಥ ಮಗು ಪ್ರಯಾಣ ಮಾಡುವ ಬದಲು ದೊಡ್ಡವರೇ ಮಗುವಿದ್ದಲ್ಲಿಗೆ ಬರುವುದು ಸರಿ. ತಿಂಗಳಿಗೊಮ್ಮೆ ಎರಡು ಮೂರು ದಿನ, ಹಗಲು ಮಾತ್ರ, ರಾತ್ರಿ ಮಗು ತನ್ನ ಹಾಸಿಗೆಗೆ. ಬರುವವರಿಗೆ ಉಳಿಯಲು ಜಾಗ ಮೊದಲೇ ಗೊತ್ತಿರಬೇಕು. ಪ್ರವಾಸಿಗರು ತುಂಬಿದ ವಾರಾಂತ್ಯದಲ್ಲಿ ಮಡಿಕೇರಿಯಲ್ಲಿ ರೂಮು ಸಿಗುವುದೂ ಕಷ್ಟ, ಸಿಕ್ಕರೆ ದರವೂ ಜಾಸ್ತಿ. ಇಬ್ಬರಿಗೂ ಒಪ್ಪಿಗೆಯಾದ ನೆಂಟರ ಮನೆಯಿದ್ದರೆ ಅದೇ ಒಳ್ಳೆಯದು. ಮಗು ಒಂದನೇ ಕ್ಲಾಸಿಗೆ ಸೇರಿದ ಮೇಲೆ ರಾತ್ರಿ ಉಳಿಯುವ ಭೇಟಿ ಶುರು ಅಂತ ಈಗಲೇ ಬರೆಸಿಟ್ಟರೆ, ಆಗ ಮತ್ತೆ ಕೋರ್ಟಿಗೆ ಓಡುವುದು ತಪ್ಪುತ್ತದೆ.

ಮಗು ದೊಡ್ಡದಾದರೆ, ಅಂದರೆ ಹನ್ನೆರಡು ಹದಿಮೂರು ದಾಟಿದರೆ, ಅದನ್ನೇ ಕೇಳಿ. ತಿಳಿದು ಹೇಳುವ ವಯಸ್ಸಿನ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಅಂತ 1890ರ ಪೋಷಕರು ಮತ್ತು ಪಾಲ್ಯರ (ಅಂದರೆ ಪೋಷಕರ ಆಶ್ರಯದಲ್ಲಿರುವ ಮಕ್ಕಳ) ಕಾಯ್ದೆಯ 17ನೇ ಕಲಮಿನಲ್ಲೇ ಇದೆ.

ಇನ್ನು ಫೋನು. ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ತಂದೆ ತಾಯಿ ಬೇರೆ ಬೇರೆ ರಾಜ್ಯ ಅಥವಾ ದೇಶದಲ್ಲಿದ್ದಾಗ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕೂ ಮುಖ್ಯ. ಮಗು ಜೊತೆಗಿಲ್ಲದವರಿಗೆ ದಿನಾ ಐದು ಹತ್ತು ನಿಮಿಷ ಮಾತಾಡಲು ಅವಕಾಶವಿರಬೇಕು. ಅದಕ್ಕೆ ವಿಡಿಯೋ ಕರೆಯೇ ಉತ್ತಮ. ನಿಮ್ಮ ಹೊಸ ಏರ್ಪಾಡು ಯಾವುದೇ ಇರಲಿ, ಇದನ್ನು ಸೇರಿಸಿ. ಗಂಟೆ ಹಾಕಿಸಿ. ನಮ್ಮ ಊರುಗಳಲ್ಲಿ ಗಾಳಿ ಮಳೆಗೆ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ವಿಡಿಯೋ ಸಿಗದಿದ್ದರೆ ಮಾಮೂಲಿ ಕರೆ, ಅದೂ ಆಗದಿದ್ದರೆ ಮರುದಿನ ಅಂತ ಸೇರಿಸಿ. ಆದರೆ ‘ವಿಡಿಯೋ ಕಾಲ್ ಇದೆಯಲ್ಲ, ಭೇಟಿ ಯಾಕೆ?’ ಅನ್ನುವ ವಾದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಪರದೆಯಲ್ಲಿ ಕಾಣುವ ಅಪ್ಪ ಮಗುವಿಗೆ ಸಾಲುವುದಿಲ್ಲ.

ಮಗುವನ್ನು ಒಪ್ಪಿಸುವ ಜಾಗ ಎಲ್ಲಿ? ಕೊಡಗಿಗೆ ರೈಲಿಲ್ಲ. ಚೆನ್ನೈ, ಹೈದರಾಬಾದ್ ಕಡೆಯವರಿಗೆ ಮೈಸೂರು ರೈಲು ನಿಲ್ದಾಣ ಅನುಕೂಲ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ಕೇರಳ ಅಥವಾ ವಿಮಾನದಲ್ಲಿ ಬರುವವರಿಗೆ 2018ರ ಕೊನೆಗೆ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಇದೆ. ವಿರಾಜಪೇಟೆಯಿಂದ ಸುಮಾರು 60 ಕಿ.ಮೀ. ಆದರೆ ಅದಕ್ಕೆ ಮಾಕುಟ್ಟ ಘಾಟಿಯನ್ನೇ ಇಳಿಯಬೇಕು. ಮಳೆಗಾಲಕ್ಕೆ ಮೈಸೂರು, ಉಳಿದ ಕಾಲಕ್ಕೆ ಕಣ್ಣೂರು ಅಂತಲೂ ಇಟ್ಟುಕೊಳ್ಳಬಹುದು. ಪೊಲೀಸ್ ಠಾಣೆಯನ್ನು ಒಪ್ಪಿಸುವ ಜಾಗ ಮಾಡಬೇಡಿ. ತೀರಾ ಭಯವಿದ್ದರೆ ಮಾತ್ರ ಅದು. ಟಿಕೆಟ್ ದುಡ್ಡು ಯಾರದ್ದು ಅಂತಲೂ ಬರೆಯಿರಿ. ಹೋಗುವಾಗ ಒಬ್ಬರದ್ದು, ಬರುವಾಗ ಇನ್ನೊಬ್ಬರದ್ದು ಅನ್ನುವುದು ಸುಲಭ. ಒಬ್ಬರ ಸಂಪಾದನೆ ತುಂಬಾ ಕಡಿಮೆಯಿದ್ದರೆ ಹಾಗೆ ಸಮ ಹಂಚುವುದು ನ್ಯಾಯವಲ್ಲ.

ಈಗ ದಾರಿ

ಕೋರ್ಟು ಒಮ್ಮೆ ಕೊಟ್ಟ ಭೇಟಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಗುವಿನ ಹಿತಕ್ಕೆ ಬೇಕಾದರೆ ಇಂಥ ಆದೇಶವನ್ನು ಬದಲಿಸಬಹುದು ಅಂತ ಸುಪ್ರೀಂ ಕೋರ್ಟ್ 1973ರ ರೋಸಿ ಜೇಕಬ್ ಪ್ರಕರಣದಲ್ಲೇ ಹೇಳಿದೆ. 2010ರ ವಿಕ್ರಮ್ ವೀರ್ ವೋಹ್ರಾ ಪ್ರಕರಣದಲ್ಲಿ ಮತ್ತೆ ಅದನ್ನೇ ಹೇಳಿತು. ಆ ಪ್ರಕರಣದಲ್ಲಿ ತಾಯಿ ಕೆಲಸಕ್ಕಾಗಿ ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಒಪ್ಪಿಗೆಯ ವಿಚ್ಛೇದನದಲ್ಲಿ ನೀವೇ ಸಹಿ ಹಾಕಿದ ಷರತ್ತಾದರೂ ಮಗುವಿನ ಮಟ್ಟಿಗೆ ಅದು ಕೊನೆಯ ಮಾತಲ್ಲ.

ಎಲ್ಲಕ್ಕಿಂತ ಹಗುರವಾದ ದಾರಿ ನೀವಿಬ್ಬರೇ ಒಪ್ಪಿಕೊಳ್ಳುವುದು. ಒಕ್ಕದ ಹಿರಿಯರು ಕೂತು ಮಾತಾಡಿಸುತ್ತಾರೆ, ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸುತ್ತಾರೆ. ಹಿರಿಯರ ಮಾತಿಗೆ ಬೆಲೆ ಇದೆ. ಕೋಪ ಇಳಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಕೋರ್ಟಿನ ಹಳೆಯ ಆದೇಶ ಇರುವಾಗ ನೋಟರಿ ಕಾಗದ ಅದನ್ನು ಅಳಿಸುವುದಿಲ್ಲ. ಆರು ತಿಂಗಳ ನಂತರ ಒಬ್ಬರು ಮನಸ್ಸು ಬದಲಿಸಿ ‘ಶನಿವಾರ ಮಗು ತೋರಿಸಲಿಲ್ಲ’ ಅಂತ ಅರ್ಜಿ ಹಾಕಿದರೆ, ಲೆಕ್ಕಕ್ಕೆ ಬರುವುದು ಹಳೆಯ ಆದೇಶ. ವಾಟ್ಸಾಪ್ ಒಪ್ಪಂದವೂ ಅಷ್ಟೇ. ಸಾಕ್ಷಿಗೆ ಇಟ್ಟುಕೊಳ್ಳಿ, ಅದನ್ನೇ ನಂಬಿ ಕೂರಬೇಡಿ.

ಹಾಗಾದರೆ ಆ ಒಪ್ಪಂದಕ್ಕೆ ಕೋರ್ಟಿನ ಮುದ್ರೆ ಹಾಕಿಸಿ. ಒಪ್ಪಿಗೆ ಸ್ವಲ್ಪವಾದರೂ ಸಾಧ್ಯವಿರುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಆದೇಶ ಕೊಟ್ಟ ಕೋರ್ಟಿಗೆ ಇಬ್ಬರೂ ಸೇರಿ ಜಂಟಿ ಮೆಮೊ, ಅಂದರೆ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರ, ಸಲ್ಲಿಸಬಹುದು. ಅಥವಾ ಮಧ್ಯಸ್ಥಿಕೆಯಲ್ಲಿ ಕೂತು, ಬಂದ ಒಪ್ಪಂದವನ್ನು ಕೋರ್ಟಿಗೆ ಕೊಡಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅದು ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಮೇಲ್ಮನವಿಯೂ ಇಲ್ಲ. ಆ ಕಾರಣಕ್ಕೇ ಸಹಿ ಹಾಕುವ ಮೊದಲು ಪ್ರತಿ ಸಾಲು ಓದಿ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಎದುರು ಕಡೆಯವರು ಒಪ್ಪುವುದೇ ಇಲ್ಲ ಅಂದರೆ ಎರಡು ದಾರಿ. ತೂಗಿ ನೋಡಬೇಕಾದ ಜಾಗ ಇದು.

ಒಂದು, ಹಳೆಯ ಆದೇಶ ಕೊಟ್ಟ ಕೋರ್ಟಿಗೇ ತಿದ್ದುಪಡಿ ಅರ್ಜಿ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಆಗಿದ್ದರೆ 26ನೇ ಕಲಂ ಪ್ರಕಾರ ಡಿಕ್ರಿ ಆದ ಮೇಲೂ ಮಕ್ಕಳ ಸುಪರ್ದಿಯ, ಅಂದರೆ ಮಗು ಯಾರ ಬಳಿ ಇರಬೇಕು ಅನ್ನುವ, ಆದೇಶವನ್ನು ಆ ಕೋರ್ಟು ಬದಲಿಸಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ 38ನೇ ಕಲಂ ಇದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲೂ ಇದೇ ರೀತಿಯ ಅವಕಾಶವಿದೆ. ಇಲ್ಲಿ ಒಂದು ಲಾಭ ಇದೆ. ಕಡತ ಅಲ್ಲೇ ಇರುತ್ತದೆ, ಅಧಿಕಾರ ವ್ಯಾಪ್ತಿಯ ತಕರಾರು ಕಡಿಮೆ. ನಷ್ಟ ಅಂದರೆ ಓಡಾಟ. ಆದೇಶ ಎರ್ನಾಕುಳಂನದ್ದಾಗಿ ಅಮ್ಮ ಮಡಿಕೇರಿಯಲ್ಲಿದ್ದರೆ ಪ್ರತಿ ವಾಯಿದೆಗೂ ಅಲ್ಲಿಗೆ ಹೋಗಬೇಕಾದೀತು.

ಇನ್ನೊಂದು, ಮಗು ಈಗ ಇರುವ ಊರಿನ ಕೋರ್ಟಿಗೆ ಹೊಸ ಅರ್ಜಿ. ಪೋಷಕರು ಮತ್ತು ಪಾಲ್ಯರ ಕಾಯ್ದೆಯ 9ನೇ ಕಲಂ ಪ್ರಕಾರ, ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಕೋರ್ಟಿಗೆ ಅಧಿಕಾರ. ಕೌಟುಂಬಿಕ ನ್ಯಾಯಾಲಯ ಇರುವಲ್ಲಿ ಅದರ ಮುಂದೆ, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಮುಂದೆ. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ನ್ಯಾಯಾಧೀಶರು ಮಗುವಿನ ಜೊತೆ ಮಾತಾಡಬಹುದು, ಶಾಲೆಯವರನ್ನು ಕರೆಸಬಹುದು. ಆದರೆ ‘ಸಾಮಾನ್ಯವಾಗಿ ವಾಸ’ ಅನ್ನುವುದನ್ನು ನೀವು ತೋರಿಸಿಕೊಡಬೇಕು. ಶಾಲೆಯ ದಾಖಲಾತಿ, ಲಸಿಕೆ ಕಾರ್ಡ್, ಆಸ್ಪತ್ರೆ ಚೀಟಿ ಎಲ್ಲ ಬೇಕು. ರುಚಿ ಮಜೂ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಆಯಾ ಪ್ರಕರಣದ ಸಂಗತಿ ನೋಡಿ ತೀರ್ಮಾನಿಸಬೇಕು ಅಂದಿದೆ. ಹೋದ ವಾರ ಮಗುವನ್ನು ಕರೆತಂದು ಈ ವಾರ ಅರ್ಜಿ ಹಾಕಿದರೆ ನಿಲ್ಲುವುದು ಕಷ್ಟ. ಹಳೆಯ ಆದೇಶ ಇದೆ ಅನ್ನುವುದನ್ನು ಅರ್ಜಿಯಲ್ಲಿ ಮುಚ್ಚಿಡಲೇಬೇಡಿ.

ನನ್ನ ಅಭಿಪ್ರಾಯ ಹೀಗೆ. ಬದಲಾವಣೆ ಸಣ್ಣದು, ದಿನ ಮತ್ತು ಜಾಗದ್ದು ಮಾತ್ರ ಅಂದರೆ ಹಳೆಯ ಕೋರ್ಟೇ ಸಾಕು. ಹಳೆಯ ಕೋರ್ಟಿನಲ್ಲಿ ಕೇಸು ಇನ್ನೂ ನಡೆಯುತ್ತಿದ್ದರೂ ಅಲ್ಲಿಯೇ ಅರ್ಜಿ ಹಾಕಿ, ಎರಡು ಕೋರ್ಟಿನಿಂದ ಎರಡು ರೀತಿಯ ಆದೇಶ ಬಂದರೆ ಮಗುವಿಗೇ ಪಾಡು. ಆದರೆ ಹಳೆಯ ಕೇಸು ಮುಗಿದು, ಮಗು ಕೊಡಗಿನಲ್ಲಿ ವರ್ಷಗಳಿಂದ ಬೇರೂರಿ, ಇಡೀ ಏರ್ಪಾಡನ್ನೇ ಹೊಸದಾಗಿ ಕಟ್ಟಬೇಕಾದರೆ ಮಗುವಿನ ಊರಿನ ಕೋರ್ಟು ವಾಸಿ.

‘ಕೇಸನ್ನೇ ನಮ್ಮ ರಾಜ್ಯಕ್ಕೆ ತರಿಸೋಣ’ ಅನ್ನುವವರಿದ್ದಾರೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸು ವರ್ಗಾಯಿಸುವುದು ಸುಪ್ರೀಂ ಕೋರ್ಟ್ ಮಾತ್ರ, ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂ ಅಡಿ. ಹೈಕೋರ್ಟಿನ ಅಧಿಕಾರ ತನ್ನ ರಾಜ್ಯದೊಳಗೆ ಅಷ್ಟೇ. ಅಂದರೆ ದೆಹಲಿ, ಅಲ್ಲಿನ ವಕೀಲರು, ಕಾಯುವಿಕೆ. ಕೈಕೂಸು ಇದೆ, ಕಾಯಿಲೆ ಇದೆ, ಅಲ್ಲಿ ಜೀವಭಯ ಇದೆ ಅನ್ನುವಂಥವರಿಗೆ ಇದು ಬೇಕಾಗುತ್ತದೆ. ಉಳಿದವರು ಮೊದಲು ವಿಡಿಯೋ ಕಾನ್ಫರೆನ್ಸ್ ಮೂಲಕ ಹಾಜರಾಗಲು ಅನುಮತಿ ಕೇಳಿ. 2017ರ ಸಾಂತಿನಿ ತೀರ್ಪು ಕೌಟುಂಬಿಕ ಕೇಸುಗಳಲ್ಲಿ ಇದಕ್ಕೆ ಮಿತಿ ಹಾಕಿತ್ತು. ರಾಜಿ ಪ್ರಯತ್ನ ಮುಗಿದ ಮೇಲೆ, ಇಬ್ಬರೂ ಒಪ್ಪಿದರೆ ಅಂತ. ಕೋವಿಡ್ ನಂತರ ಕರ್ನಾಟಕ, ಕೇರಳ ಎರಡೂ ಹೈಕೋರ್ಟುಗಳು ವಿಡಿಯೋ ವಿಚಾರಣೆಗೆ ನಿಯಮ ಮಾಡಿಕೊಂಡಿವೆ. ಸಿಕ್ಕೇ ಸಿಗುತ್ತದೆ ಅಂತಲ್ಲ, ಆದರೆ ಕೇಳುವುದರಲ್ಲಿ ನಷ್ಟವಿಲ್ಲ.

ರಜೆಗೆ ಹೋದ ಮಗುವನ್ನು ವಾಪಸ್ ಕಳಿಸದಿದ್ದರೆ ವಿಷಯವೇ ಬೇರೆ. ಆಗ ಭೇಟಿ ಬದಲಾವಣೆಯ ಅರ್ಜಿಗೆ ಕಾಯಬೇಡಿ. ಇರುವ ಆದೇಶದ ಅಮಲ್ಜಾರಿಗೆ, ಅಂದರೆ ಅದನ್ನು ಜಾರಿ ಮಾಡಿಸಲು, ಅರ್ಜಿ ಹಾಕಬಹುದು. ಮಗುವನ್ನು ಹಾಜರುಪಡಿಸಿ, ತಾತ್ಕಾಲಿಕವಾಗಿ ಒಪ್ಪಿಸಿ ಅಂತ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 12ನೇ ಕಲಂ ಅಡಿ ಕೇಳಬಹುದು. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಇಟ್ಟುಕೊಂಡವರನ್ನು ಕೋರ್ಟಿಗೆ ಹಾಜರುಪಡಿಸಿ ಅನ್ನುವ ಅರ್ಜಿ) ಕೂಡ ಇದೆ. ಆದರೆ ಮಗುವನ್ನು ಇಟ್ಟುಕೊಂಡಿರುವುದಕ್ಕೆ ಕಾನೂನಿನ ಆಧಾರವೇ ಇಲ್ಲದಿದ್ದಾಗ ಮಾತ್ರ ಅದು ಅಂತ 2019ರ ತೇಜಸ್ವಿನಿ ಗೌಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದೇಶ ಬರುವವರೆಗೆ

ಹೊಸ ಆದೇಶ ಕೈಗೆ ಬರುವ ತನಕ ಹಳೆಯದು ಜಾರಿಯಲ್ಲಿರುತ್ತದೆ. ಆಗದಿದ್ದರೆ ಆಗದ ಕಾರಣವನ್ನು ಮೊದಲೇ ಲಿಖಿತವಾಗಿ ತಿಳಿಸಿ, ಬದಲಿ ದಿನ ಸೂಚಿಸಿ. ಜೀವನಾಂಶ ಬಂದಿಲ್ಲ ಅಂತ ಮಗುವನ್ನು ತಡೆಯಬೇಡಿ. ಮಗು ತೋರಿಸಲಿಲ್ಲ ಅಂತ ಜೀವನಾಂಶವನ್ನೂ ನಿಲ್ಲಿಸಬೇಡಿ. ಎರಡಕ್ಕೂ ಬೇರೆ ಬೇರೆ ಅರ್ಜಿ ಇದೆ. ಈ ಎರಡರ ನಡುವೆ ಸಿಕ್ಕಿ ನಲುಗುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅರ್ಜಿ ಕೊಡುವಾಗ ‘ಸೂಕ್ತ ಭೇಟಿ ಕೊಡಿಸಿ’ ಅಂತ ಬರೆದು ಬಿಡಬೇಡಿ. ಒಂದು ವರ್ಷದ ಪಟ್ಟಿಯನ್ನೇ ಲಗತ್ತಿಸಿ. ಯಾವ ರಜೆ ಯಾರಿಗೆ, ಎಲ್ಲಿ ಒಪ್ಪಿಸುವುದು, ಫೋನು ಎಷ್ಟು ಗಂಟೆಗೆ, ಮಳೆಗೆ ರಸ್ತೆ ಮುಚ್ಚಿದರೆ ಏನು, ಟಿಕೆಟ್ ಯಾರದ್ದು. ಶಾಲೆಯ ಕ್ಯಾಲೆಂಡರ್ ಪ್ರತಿಯೂ ಜೊತೆಗಿರಲಿ. ಆದೇಶ ಬಂದ ಮೇಲೆ ದೃಢೀಕೃತ ನಕಲು ತೆಗೆದುಕೊಂಡು, ಒಂದು ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಿ. ರಜೆ ಶುರುವಾಗುವ ದಿನ ಗೇಟಿನ ಹತ್ತಿರ ಮಗುವನ್ನು ಯಾರ ಜೊತೆ ಕಳಿಸಬೇಕು ಅಂತ ಅವರಿಗೆ ಗೊತ್ತಿರಬೇಕು.